ಏಳು ಕೂಗು ಬೆಂದ ಫಿಲ್ಟರು

ಹಲೋ… ಹಾಂ, ಹಲೋ… ಯಾರು ಮಾತಾಡ್ತಿರೋದು?…

ಯಾರು?… ಸರಿಯಾಗಿ ಕೇಳಿಸ್ತಿಲ್ಲ. ಬಾಯಿಗೆ ದಿಂಬು ಒತ್ತಿಕೊಂಡು ಮಾತಾಡ್ತಿರೋ ಹಾಗಿದೆ. ಇದು ಮನೆ ಫೋನು, ಇದರಲ್ಲಿ ಹೆಸರೂ ಬರಲ್ಲ, ನಂಬರೂ ಬರಲ್ಲ. ಯಾರು ಬೇಕಿತ್ತು ನಿಮಗೆ?…

ಅಕ್ಕ ಬೇಕಾ? ಯಾರ ಅಕ್ಕ?… ಅಯ್ಯೋ, ಸೋಪಣ್ಣ! ನೀನೇನೋ? ಒಡಹುಟ್ಟಿದ ತಮ್ಮನ ಧ್ವನಿನೇ ಗುರುತು ಸಿಗಲಿಲ್ಲವಲ್ಲ. ಏನಾಗಿದೆ ಗಂಟಲಿಗೆ?… ಮಾಸ್ಕಾ? ಮನೇಲಿ ಯಾಕೋ ಮಾಸ್ಕು?…

ಮೀನಿನ ತೊಟ್ಟಿಗೆ ಫಿಲ್ಟರ್ ಜೋಡಿಸೋಕೆ? ಮಾರಾಯ, ಅದು ಮೀನಿನ ಮನೆ ಕಣೋ, ಆಪರೇಷನ್ ಥಿಯೇಟರ್ ಅಲ್ಲ. ಕೈಗೆ ಗ್ಲೌಸೂ ಇದೆಯಾ?… ಇದೆ. ತಲೆಗೆ ಟೋಪಿ?… ಅದೂ ಇದೆ! ಹದಿನೈದು ವರ್ಷ ಆಸ್ಪತ್ರೇಲಿ ಡಾಕ್ಟರ ಕತ್ತರಿ, ಚಿಮಟ ಎಲ್ಲ ಒಂದು ಕ್ರಿಮಿನೂ ಉಳಿಯದ ಹಾಗೆ ಬೇಯಿಸಿ ಬೇಯಿಸಿ, ನಿನಗೆ ಈಗ ಇಡೀ ಲೋಕವೇ ಒಂದು ಕತ್ತರಿ ಥರ ಕಾಣ್ತಿದೆ. ಮೊದಲು ಆ ಮಾಸ್ಕ್ ಕೆಳಗೆ ಎಳಿ. ಹಾಂ. ಈಗ ಮನುಷ್ಯನ ಧ್ವನಿ ಬಂತು. ಹೇಳು…

ಇಲ್ಲಪ್ಪ, ಇವತ್ತು ರಜಾ. ವಾರಕ್ಕೆ ಆರು ದಿನ ಊರಿನ ನೀರಿಗೆಲ್ಲ ಕ್ಲೋರಿನ್ ಹಾಕಿಸ್ತೀನಿ, ಏಳನೇ ದಿನ ಮನೇಲಿ ಕೂತು ನನ್ನ ಮೀನಿನ ನೀರಿಂದ ಅದನ್ನ ತೆಗೀತೀನಿ. ನಮ್ಮ ನೀರು ಪರೀಕ್ಷೆ ಲ್ಯಾಬಿನವರು ಕೇಳಿದ್ರೆ ನಗ್ತಾರೆ. ನೀನು ವಿಷಯಕ್ಕೆ ಬಾ…

ಮೋಟಾರು ಗುಂಯ್ ಅಂತಿದೆ, ನೀರು ಬರ್ತಿಲ್ವಾ?… ಪೈಪು ಎಲ್ಲೂ ಮಡಚಿಕೊಂಡಿಲ್ಲ ತಾನೇ?… ನೋಡಿದ್ಯಾ? ಬಗ್ಗಿ ನೋಡಿದ್ಯಾ?… ಸರಿ. ಫಿಲ್ಟರ್ ಡಬ್ಬಿಗೆ ಮೊದಲು ನೀರು ತುಂಬಿ, ಆಮೇಲೆ ಸ್ವಿಚ್ ಹಾಕಿದ್ಯಾ?… ಅದನ್ನೂ ಮಾಡಿದ್ದೀಯ. ಹಾಗಾದ್ರೆ ಇನ್ನೇನು… ಇರು ಇರು. ಡಬ್ಬಿ ಎಲ್ಲಿಟ್ಟಿದ್ದೀಯ?…

ಎಲ್ಲಿ?… ಮೇಜಿನ ಮೇಲೆ? ತೊಟ್ಟಿ ಪಕ್ಕದಲ್ಲೇ, ತೊಟ್ಟಿಗೆ ಸರಿಸಮವಾಗಿ? ಯಾಕಪ್ಪ?…

ಕೆಳಗಿಟ್ರೆ ಅದರ ಹಿಂದುಗಡೆ ಒರೆಸೋಕಾಗಲ್ಲ ಅಂತ! ದೇವರೇ. ಲೋ, ತೊಟ್ಟಿ ನೀರು ತನ್ನ ಭಾರಕ್ಕೆ ತಾನೇ ಕೆಳಗಿಳಿದು ಡಬ್ಬಿಗೆ ಬರಬೇಕು. ಮೋಟಾರಿಗಿರೋ ಕೆಲಸ ಅದನ್ನ ವಾಪಸ್ ಮೇಲಕ್ಕೆ ತಳ್ಳೋದು ಅಷ್ಟೇ. ನೀನು ಇಬ್ಬರನ್ನೂ ಒಂದೇ ಬೆಂಚಲ್ಲಿ ಕೂರಿಸಿದ್ರೆ ಯಾರು ಯಾರಿಗೆ ನೀರು ಕೊಡ್ತಾರೆ? ತೊಟ್ಟಿ ಸ್ಟ್ಯಾಂಡಿನ ಕೆಳಗೆ ಒಂದು ಕಪಾಟು ಇದೆಯಲ್ಲ, ಬಡಗಿ ಹತ್ರ ನಾನೇ ಹೇಳಿ ಮಾಡಿಸಿದ್ದು, ಅದು ಯಾತಕ್ಕೆ ಅಂದ್ಕೊಂಡೆ?…

ಒರೆಸೋ ಬಟ್ಟೆ ಇಡೋಕೆ. ಹೂಂ. ಬಟ್ಟೆ ತೆಗಿ, ಡಬ್ಬಿ ಇಡು. ಮೊದಲು ಸ್ವಿಚ್ ಆರಿಸು, ಒದ್ದೆ ಕೈಯಲ್ಲಿ ಮುಟ್ಟಬೇಡ. ನಾನು ಕಾಯ್ತೀನಿ. ಈ ಫೋನಿಗೆ ವೈರಿಲ್ಲ, ಅಷ್ಟರಲ್ಲಿ ಒಲೆ ಮೇಲಿನ ಹಾಲು ನೋಡ್ಕೊಂಡು ಬರ್ತೀನಿ…

ಹಾಂ, ಇದ್ದೀನಿ. ಇಳಿಸಿದ್ಯಾ?… ಗುಳುಗುಳು ಅಂತಿದೆಯಾ? ಅದು ಒಳಗಿನ ಗಾಳಿ ಹೋಗ್ತಿರೋದು. ಹೆದರಬೇಡ, ಡಬ್ಬೀನ ಸ್ವಲ್ಪ ಆ ಕಡೆ ಈ ಕಡೆ ವಾಲಿಸು. ಮಗೂಗೆ ತೇಗು ಬರಿಸೋ ಹಾಗೆ. ಇನ್ನೂ ವಾಲಿಸು… ಬಂತಾ? ನೀರು ಬಂತಾ?…

ಶಭಾಷ್! ನೋಡಿದ್ಯಾ. ಗಂಟೆಗೆ ಸಾವಿರದ ಆರುನೂರು ಲೀಟರ್ ತಳ್ಳೋ ಮೋಟಾರು ಅದು, ನಿನ್ನ ತೊಟ್ಟಿ ನಾನೂರು ಲೀಟರು. ಅಂದ್ರೆ ಇಡೀ ತೊಟ್ಟಿ ನೀರು ಗಂಟೆಗೆ ನಾಲ್ಕು ಸಲ ಸುತ್ತು ಹೊಡೆದು ಬರುತ್ತೆ. ನಾನು ಲೆಕ್ಕ ಹಾಕಿನೇ ಕೊಡಿಸಿದ್ದು. ಈಗ ನೀರು ವಾಪಸ್ ಬೀಳೋ ತೂತಿನ ಪೈಪಿದೆಯಲ್ಲ, ಅದನ್ನ ನೀರಿನ ಮಟ್ಟಕ್ಕಿಂತ ಒಂದು ಬೆರಳು ಕೆಳಗಿಡು. ಮೇಲ್ಮೈ ಸ್ವಲ್ಪ ನಡುಗ್ತಾ ಇರಬೇಕು. ನಡುಗಿದಷ್ಟೂ ಗಾಳಿ ಕರಗುತ್ತೆ. ಅಷ್ಟೊಂದು ದೊಡ್ಡ ಮೀನಿಗೆ ಗಾಳಿ ಬೇಕಪ್ಪ…

ಎಷ್ಟಕ್ಕೆ ಬರ್ತಿದ್ದಾರೆ ನಿನ್ನ ಮಾವ?… ಹನ್ನೆರಡಕ್ಕಾ. ಈಗ ಹತ್ತೂಮುಕ್ಕಾಲು. ಮೂವತ್ತಾರು ವರ್ಷ ರೈಲು ಓಡಿಸಿದವರು, ಹನ್ನೆರಡು ಅಂದ್ರೆ ಹನ್ನೆರಡೇ. ವ್ಯಾನಲ್ಲಿ ಮುಂದೆ ಅವರು, ಹಿಂದೆ ನಿನ್ನ ಹೆಂಡ್ತಿ, ಅವಳ ಪಕ್ಕ ಡ್ರಮ್ಮಲ್ಲಿ ಗಾರ್ಡ್ ಸಾಹೇಬ್ರು, ಅಲ್ವಾ?… ನನಗೆ ಆ ಹೆಸರು ಭಾರಿ ಇಷ್ಟ ಕಣೋ. ಸರ್ವೀಸೆಲ್ಲ ಗಾರ್ಡು ಹಿಂದಿನ ಡಬ್ಬೀಲಿ ಇರ್ತಿದ್ದ, ಮುಖನೇ ಕಾಣ್ತಿರಲಿಲ್ಲ, ಈಗ ದಿನವಿಡೀ ಎದುರಿಗೇ ಇರ್ತಾನೆ ಅಂತ ಮೀನಿಗೆ ಆ ಹೆಸರಿಟ್ರಂತಲ್ಲ. ಹನ್ನೊಂದು ವರ್ಷದ ಮೀನು! ಮೊಳ ಉದ್ದ ಇದ್ಯಂತೆ?…

ಅಷ್ಟಿಲ್ವಾ? ಒಂದಡಿ. ಸರಿ, ಒಂದಡಿನೂ ಕಮ್ಮಿಯೇನಲ್ಲ…

ಯಾಕೋ ಇಷ್ಟು ಗಾಬರಿ? ನೀರು ಬಂತಲ್ಲ. ಉಸಿರು ಬಿಡು…

ಹತ್ತೇ ದಿನ ಅಂದ್ರಾ? ಬಂದು ನಿಮ್ಮಲ್ಲೇ ಇದ್ದುಬಿಡ್ತಾರೆ ಅಂತ ನಾನು ತಿಳ್ಕೊಂಡಿದ್ದೆ… ಆಪರೇಷನ್ ಆದ ಮೊಣಕಾಲಿಗೆ ಇನ್ನೂ ಆರು ವಾರ ವ್ಯಾಯಾಮ ಮಾಡಿಸಬೇಕು ಅಂತ ಹೇಳಿದ್ರಲ್ವಾ ಆಸ್ಪತ್ರೇಲಿ?… ಗೊತ್ತು, ಅಲ್ಲಿ ಅವರ ಮನೆ ಮೂರನೇ ಮಹಡಿ. ಎಷ್ಟು ಮೆಟ್ಟಿಲು? ಐವತ್ನಾಲ್ಕಾ? ನೀನು ಎಣಿಸಿದ್ದೀಯ ಬೇರೆ… ಹೋದ ವಾರ ಮೆಟ್ಟಿಲಲ್ಲಿ ಜಾರಿದ್ರಾ? ಯಾರೂ ಹೇಳಲೇ ಇಲ್ಲ ನನಗೆ. ಏಟೇನೂ ಆಗ್ಲಿಲ್ಲ ತಾನೇ?… ಪುಣ್ಯ…

ಮೀನಿಗೆ ಒಳ್ಳೆ ಜಾಗ ಮಾಡಿದ್ದೀವಿ ಅಂದಿದ್ದಕ್ಕೇ ಒಪ್ಪಿಕೊಂಡಿದ್ದು ಅನ್ನು. ಹೂಂ… ಮೀನಿಗೆ ಒಂಚೂರು ಒಗ್ಗಲಿಲ್ಲ ಅಂದ್ರೂ ನಾಳೆನೇ ವಾಪಸ್ ಹೊರಟುಬಿಡ್ತಾರೆ. ಇದು ನಿನ್ನ ಹೆದರಿಕೆ, ಅಲ್ವಾ?…

ಅಲ್ಲ, ಅವಳಿಗಾದ್ರೆ ಹೆತ್ತ ಅಪ್ಪ. ನಿನಗೆ ಯಾಕಪ್ಪ ಅವಳಿಗಿಂತ ಹೆಚ್ಚು ಸಂಕಟ? ಅಳಿಯಂದಿರು ಮಾವ ಹೊರಟ್ರೆ ಸಾಕು ಅಂತ ಬಾಗಿಲಲ್ಲಿ ಚಪ್ಪಲಿ ಜೋಡಿಸಿಡ್ತಾರೆ…

ಆಪರೇಷನ್ ಆದ ನಾಲ್ಕು ದಿನ ನಿನ್ನ ಡ್ಯೂಟಿ ಮುಗಿದ ಮೇಲೆ ಅವರ ಮಂಚದ ಹತ್ರ ಕೂತಿರ್ತಿದ್ಯಾ?… ರೈಲಿನ ಕಥೆನಾ? ಎಲ್ಲಾನೂ?… ಮಂಜು ಮುಚ್ಚಿದ ದಾರೀಲಿ ಸಿಗ್ನಲ್ ಕಾಣದೆ ಕಿವಿಯಲ್ಲೇ ಗಾಡಿ ಓಡಿಸಿದ್ದು… ಹೂಂ… ಅಬ್ಬ… ಅವರು ಮನೆಗೆ ಹೋದ ಮೇಲೆ ನಿನಗೆ ಬೇಜಾರಾಯ್ತಾ. ಅದನ್ನ ಅವರಿಗೆ ಹೇಳಿದ್ಯಾ?…

ಹೇಳಲಿಲ್ಲ. ಮತ್ತೆ! ಅವರು ಅಲ್ಲಿ 'ಅಳಿಯನಿಗೆ ಭಾರ ಆಗ್ತೀನಿ' ಅಂತ ಸಂಕೋಚ ಪಡೋದು, ನೀನು ಇಲ್ಲಿ 'ಇರಿ ಮಾವ' ಅನ್ನೋಕೆ ಸಂಕೋಚ ಪಡೋದು. ಇಬ್ಬರ ಸಂಕೋಚಕ್ಕೂ ಒಂದು ಫಿಲ್ಟರ್ ಹಾಕಿಸಬೇಕು. ಇರಲಿ, ಇರಲಿ, ರೇಗಬೇಡ. ತಮಾಷೆಗೆ ಅಂದೆ…

ಸರಿ, ಈಗ ಡಬ್ಬಿ ಒಳಗಿನ ತಟ್ಟೆಗಳು. ಯಾವ ಕ್ರಮದಲ್ಲಿ ಇಟ್ಟಿದ್ದೀಯ ಹೇಳು. ನೀರು ಕೆಳಗಿಂದ ಮೇಲೆ ಬರುತ್ತೆ ನೆನಪಿರಲಿ… ಅಡಿಯಲ್ಲಿ ದಪ್ಪ ತೂತಿನ ಸ್ಪಂಜು. ಸರಿ, ಕಸ ಕಡ್ಡಿ ಅಲ್ಲಿ ನಿಲ್ಲುತ್ತೆ… ಅದರ ಮೇಲೆ ಬಿಳೀ ಹತ್ತಿ ಹಾಸು. ಹಾಂ… ಮೇಲೆ ನಾನು ಕೊಟ್ಟ ಪಿಂಗಾಣಿ ಉಂಗುರಗಳು. ಸರಿಯಾಗಿದೆ ಕಣೋ! ಇದೊಂದು ತಪ್ಪಿಲ್ಲ…

ಏನಂದೆ? ಫಳಫಳ ಹೊಳೀತಿವೆ?…

ಯಾವುದು ಹೊಳೀತಿರೋದು? ಉಂಗುರಾನಾ?… ಬೆಳ್ಳಗೆ?… ತಮ್ಮಾ, ನಾನು ನಿನಗೆ ಕೊಟ್ಟಾಗ ಅವು ಚಹಾದ ಕಲೆ ಹಿಡಿದ ಕಪ್ಪಿನ ಹಾಗೆ ಕಂದು ಬಣ್ಣಕ್ಕಿದ್ವು. ಮುಟ್ಟಿದ್ರೆ ಲೋಳೆ ಲೋಳೆ. ನನ್ನ ತೊಟ್ಟಿ ಫಿಲ್ಟರಲ್ಲಿ ಎಂಟು ತಿಂಗಳು ಇಟ್ಟು ಹಣ್ಣು ಮಾಡಿ ಕೊಟ್ಟಿದ್ದೆ. ತೊಳೀಬೇಡ, ತೊಟ್ಟಿ ನೀರಲ್ಲೇ ಮುಳುಗಿಸಿಡು ಅಂತ ಎರಡು ಸಲ ಹೇಳಿದ್ದೆ. ತೊಳೆದ್ಯಾ?…

ತೊಳೆದಿಲ್ಲ. ಸರಿ. ತೊಳೆಯದೆ ಹೇಗೆ ಬೆಳ್ಳಗಾದ್ವು?… ಏನು?… ಇನ್ನೊಂದು ಸಲ ಹೇಳು…

ನಿನ್ನೆ ಕುಕ್ಕರಲ್ಲಿ ಇಟ್ಯಾ?…

ಎಷ್ಟು ಕೂಗು?… ಏಳಾ? ಏಳು ಕೂಗು! ಮೂಳೆ ಬೇಯೋಕೂ ಅಷ್ಟು ಬೇಡ್ವಲ್ಲೋ! ನಾನು ತೊಳೀಬೇಡ ಅಂದಿದ್ದಕ್ಕೆ ನೀನು ಬೇಯಿಸಿದ್ಯಾ?… ಬಟ್ಟೆಯಲ್ಲಿ ಸುತ್ತಿ?… ಮೇಲೆ ಆಸ್ಪತ್ರೆ ಪಟ್ಟಿ ಅಂಟಿಸಿ?… ಪಟ್ಟೀಲಿ ಕಪ್ಪು ಗೆರೆ ಮೂಡೋವರೆಗೂ. ಗೆರೆ ಮೂಡಿದ್ರೆ ಒಂದೂ ಕ್ರಿಮಿ ಉಳಿದಿಲ್ಲ ಅಂತ ಅರ್ಥ. ಮೂಡ್ತಾ?… ಚೆನ್ನಾಗಿ ಮೂಡ್ತು. ಹೌದೌದು, ಮೂಡದೇ ಇರುತ್ತಾ…

ನಗ್ತಿಲ್ಲ. ಇಲ್ಲ… ನಗ್ತಿದ್ದೀನಿ. ತಡಿ, ಕೂತ್ಕೋತೀನಿ. ಅಯ್ಯಪ್ಪಾ…

ನೀನು ಅಳಬೇಡ ಮತ್ತೆ. ಕೇಳು, ನಿಧಾನವಾಗಿ ಹೇಳ್ತೀನಿ. ಫಿಲ್ಟರ್ ಅಂದ್ರೆ ನೀನು ಚಹಾ ಸೋಸೋ ಜಾಲರಿ ಅಂದ್ಕೊಂಡಿದ್ದೀಯ. ಕಸ ತಡೆಯೋದು ಅದರ ಚಿಕ್ಕ ಕೆಲಸ. ಮೀನು ತಿನ್ನುತ್ತೆ, ಉಸಿರಾಡುತ್ತೆ, ಅಲ್ವಾ? ಅದರಿಂದ ನೀರಿಗೆ ಅಮೋನಿಯಾ ಸೇರ್ತಾ ಹೋಗುತ್ತೆ. ಕಣ್ಣಿಗೆ ಕಾಣಲ್ಲ, ಯಾವ ಹತ್ತಿ ಹಾಸಿಗೂ ಸಿಗಲ್ಲ, ಮೀನಿನ ಕಿವಿರು ಸುಡುತ್ತೆ. ಅದನ್ನ ತಿನ್ನೋಕೆ ಒಂದು ಜಾತಿ ಬ್ಯಾಕ್ಟೀರಿಯಾ ಇದೆ. ತಿಂದು ನೈಟ್ರೈಟ್ ಮಾಡುತ್ತೆ. ಅದೂ ವಿಷಾನೇ. ಅದನ್ನ ತಿನ್ನೋಕೆ ಇನ್ನೊಂದು ಜಾತಿ. ಅದು ನೈಟ್ರೇಟ್ ಮಾಡುತ್ತೆ, ಅದರಿಂದ ಅಷ್ಟು ತೊಂದರೆ ಇಲ್ಲ, ವಾರಕ್ಕೊಂದು ಸಲ ನೀರು ಬದಲಾಯಿಸಿದ್ರೆ ಆಯ್ತು. ಈ ಎರಡೂ ಜಾತಿ ವಾಸ ಮಾಡೋ ಮನೆನೇ ಆ ಉಂಗುರಗಳು. ಆ ಕಂದು ಲೋಳೆ ಇತ್ತಲ್ಲ, ಅದೇ ಅವರು. ಅರ್ಥ ಆಯ್ತಾ?…

ಹೌದು. ಅವರನ್ನೇ. ಏಳು ಕೂಗು…

ಇಲ್ಲ, ಒಬ್ಬರೂ ಉಳಿದಿರಲ್ಲ. ನಿನ್ನ ಕೆಲಸ ನೀನು ಅಚ್ಚುಕಟ್ಟಾಗಿ ಮಾಡ್ತೀಯ ಅನ್ನೋದರಲ್ಲಿ ಎರಡು ಮಾತಿಲ್ಲ…

ಯಾಕೆ ಬೇಯಿಸಿದ್ದು ಅಂತ ನಾನು ಬೈತಿಲ್ಲ, ಸುಮ್ನೆ ಕೇಳ್ತಿದ್ದೀನಿ… ಮಾವ ಬಂದ ತಕ್ಷಣ ಮುಚ್ಚಳ ತೆಗೆದು ನೋಡ್ತಾರೆ, ಲೋಳೆ ನೋಡಿ 'ಎಂಥ ಗಲೀಜು ಮನೆಗೆ ಬಂದೆ' ಅಂದ್ಕೋತಾರೆ ಅಂತಾ?… ಪಾಪ. ಹೋಗ್ಲಿ ಬಿಡು. ತಲೆ ಮೇಲೆ ಕೈ ಹೊತ್ತು ಕೂರಬೇಡ, ದಾರಿ ಇದೆ…

ದಾರಿ ಅಂದ್ರೆ ಬಲು ಸುಲಭದ್ದು. ಮೀನಿನ ಜೊತೆ ಅವರ ಹಳೇ ತೊಟ್ಟಿ ಫಿಲ್ಟರೂ ಬರ್ತಿರುತ್ತಲ್ಲ? ಹನ್ನೊಂದು ವರ್ಷದ್ದು! ಅದರ ಸ್ಪಂಜಲ್ಲಿ ಒಂದು ಊರೇ ಇರುತ್ತೆ. ಅದನ್ನ ಹಾಗೇ ತೆಗೆದು ನಿನ್ನ ಡಬ್ಬೀಲಿ ಇಟ್ಟರೆ ಮುಗೀತು. ತಾಳು, ನಿನ್ನ ಹೆಂಡ್ತಿಗೆ ಈ ಕಡೆ ಮೊಬೈಲಿಂದ ಮೆಸೇಜ್ ಹಾಕ್ತೀನಿ. ನೀನು ಹಾಕಬೇಡ, ನೀನು ಹಾಕಿದ್ರೆ ಅವಳಿಗೂ ಗಾಬರಿ. 'ಅಪ್ಪನ ಹಳೇ ಸ್ಪಂಜು ಒದ್ದೆಯಾಗೇ ಇದೆ ತಾನೇ? ಒಣಗಿಸಬೇಡ.' ಹಾಕ್ದೆ…

ಬಂತು ಉತ್ತರ. ಬೇಗ ಕೊಟ್ಲು. ಓದ್ತೀನಿ ಕೇಳು. 'ಒದ್ದೆ ಇದೆ ಅತ್ತಿಗೆ. ಅಪ್ಪ ನಿನ್ನೆ…'…

ಏನಿಲ್ಲ, ಓದ್ತಿದ್ದೀನಿ…

'ಅಪ್ಪ ನಿನ್ನೆ ಬಚ್ಚಲಲ್ಲಿ ಸ್ಟೂಲ್ ಹಾಕ್ಕೊಂಡು ಕೂತು ಮೂರು ಸಲ ಬಟ್ಟೆ ಸೋಪಲ್ಲಿ ತಿಕ್ಕಿ ತೊಳೆದ್ರು. ನಾನು ತೊಳೀತೀನಿ ಅಂದ್ರೂ ಬಿಡಲಿಲ್ಲ. ಮೊಣಕೈವರೆಗೆ ಕೈ ತೊಳೆಯೋ ಅಳಿಯನ ಮನೆಗೆ ಈ ಕೊಳೆ ಹೇಗೆ ಒಯ್ಯೋದು, ಹೇಗೂ ಅಲ್ಲಿ ಅಳಿಯನ ಅಕ್ಕ ಕೊಟ್ಟ ಉಂಗುರ ಇವೆಯಲ್ಲ ಅಂದ್ರು.'…

ಕೇಳಿಸ್ತಾ?…

ಮಡಿಸೋಕಾಗದ ಮೊಣಕಾಲು ಚಾಚಿಕೊಂಡು, ಬಚ್ಚಲಲ್ಲಿ, ಮೂರು ಸಲ. ನಿನಗೆ ಅಸಹ್ಯ ಆಗಬಾರದು ಅಂತ. ಅದೇ ಹೊತ್ತಿಗೆ ನಿನ್ನ ಮನೇಲಿ ನೀನು ಕುಕ್ಕರ್ ಮುಂದೆ ನಿಂತು ಕೂಗು ಎಣಿಸ್ತಿದ್ದೆ, ಅವರಿಗೆ ಅಸಹ್ಯ ಆಗಬಾರದು ಅಂತ. ಇಬ್ಬರೂ ಸೇರಿ ಎರಡು ಊರಿನ ಬ್ಯಾಕ್ಟೀರಿಯಾನ ಒಂದೇ ದಿನ ನಿರ್ನಾಮ ಮಾಡಿದ್ರಿ. ಮಾವ ಅಳಿಯ ಅಂದ್ರೆ ಹೀಗಿರಬೇಕು…

ಮೂಗು ಒರೆಸ್ಕೋತಿದ್ದೀಯಾ?… ಗ್ಲೌಸಲ್ಲಾ? ಹಾಳಾಯ್ತು, ಬದಲಾಯಿಸು ಈಗ…

ಆ ಸೋಪಿನ ಸ್ಪಂಜು ಮಾತ್ರ ತೊಟ್ಟಿ ಹತ್ರ ಸುಳಿಯೋದು ಬೇಡ. ಸೋಪಿನ ಅಂಶ ಪೂರ್ತಿ ಹೋಗಿರಲ್ಲ. ಅವರೆದುರು ಬಿಸಾಡಬೇಡ, ಒಣಗಿಸಿ ಎತ್ತಿಡ್ತೀನಿ ಅನ್ನು…

ಆಯ್ತು, ಬೇರೆ ದಾರಿ. ನನ್ನ ತೊಟ್ಟಿ ಇದೆಯಲ್ಲ. ಇದರ ಫಿಲ್ಟರಲ್ಲಿ ಎರಡು ಸ್ಪಂಜಿವೆ, ಒಂದು ತಂದುಕೊಡ್ತೀನಿ. ನನ್ನ ಚಿಕ್ಕ ಮೀನುಗಳಿಗೆ ಒಂದು ಸಾಕು… ಬಸ್ಸಲ್ಲಿ ನಲವತ್ತು ನಿಮಿಷ. ಮುಚ್ಚಳ ಇರೋ ಡಬ್ಬೀಲಿ ಇದೇ ನೀರು ಹಾಕಿ ತಂದರೆ ಮೂರು ನಾಲ್ಕು ಗಂಟೆ ಏನೂ ಆಗಲ್ಲ. ಅವರಿಗೆ ಗೊತ್ತೂ ಆಗಲ್ಲ…

ತರ್ತೀನಿ ಅಂದ್ನಲ್ಲ. ಈಗಲೇ ತೆಗೀತಿದ್ದೀನಿ, ಮುಚ್ಚಳ ಬಿಚ್ಚಿದೆ. ಫೋನು ಭುಜಕ್ಕೂ ಕಿವಿಗೂ ಸಿಕ್ಕಿಸಿಕೊಂಡಿದ್ದೀನಿ, ಜೋರಾಗಿ ಮಾತಾಡಬೇಡ, ಬಿದ್ದೀತು… ಆಹಾ, ನೋಡು, ಎಂಥ ಕೊಳಕು. ನೀನು ನೋಡಿದ್ರೆ ಮೂರ್ಛೆ ಹೋಗ್ತಿದ್ದೆ. ಗದ್ದೆ ಕೆಸರಿನ ವಾಸನೆ. ಇದೇ ಕಣೋ ಒಳ್ಳೇ ವಾಸನೆ…

ಅಷ್ಟರಲ್ಲಿ ನೀನು ಕ್ಲೋರಿನ್ ತೆಗೆಯೋ ಹನಿ ಹಾಕಿದ್ಯಾ ತೊಟ್ಟಿಗೆ?… ಎಷ್ಟು?… ಸರಿಯಾಗಿದೆ. ಅದರಲ್ಲಿ ನಿನ್ನ ಕೈ ನಂಬಬಹುದು…

ಏನು ಸದ್ದು ಅದು? ಹಾರ್ನಾ?… ಬಂದೇಬಿಟ್ರಾ? ಹನ್ನೊಂದು ಹತ್ತಕ್ಕೇ? ಹೇಳಿದ ಟೈಮಿಗಿಂತ ಮುಂಚೆ ಬಂದ್ರೂ ರೈಲಲ್ಲಿ ತಪ್ಪೇ ಅಲ್ವಾ, ಕೇಳು ಅವರನ್ನ!… ಹೋಗು, ಹೋಗು, ಕೈ ಹಿಡಿದು ಇಳಿಸು ಅವರನ್ನ. ಟೋಪಿ ತೆಗೆದು ಹೋಗೋ, ಮತ್ತೆ ಆಪರೇಷನ್ ಅಂದ್ಕೊಂಡು ಓಡಿಹೋದಾರು! ಫೋನ್ ಇಡಬೇಡ, ಹಾಗೇ ಮೇಜಿನ ಮೇಲಿಡು…

ಹಾಂ… ಹಲೋ?… ಹೇಗಿದೆ ಮೀನು?… ಕಿವಿರು ಚೆನ್ನಾಗಿ ಆಡ್ತಿದೆಯಾ? ಸರಿ. ಒಂದೇ ಸಲ ಸುರೀಬೇಡ. ತೊಟ್ಟಿ ನೀರು ಲೋಟ ಲೋಟ ಡ್ರಮ್ಮಿಗೆ ಹಾಕ್ತಾ ಬಾ, ಅರ್ಧ ಗಂಟೆ. ಆಮೇಲೆ ಬಿಡು… ಯಾಕೆ ಪಿಸುಗುಡ್ತಿದ್ದೀಯ?…

ಯಾರು, ಅವರಾ? ನನ್ನ ಹತ್ರ? ಏನಂತೆ?… ಕುಕ್ಕರ್ ವಿಷಯ ಹೇಳಬೇಡ ಅಂದ್ರೆ ಹೇಳಲ್ಲ ಕಣೋ. ಕೊಡು…

ಹಲೋ, ಮಾವ, ನಮಸ್ಕಾರ. ಹೇಗಿದ್ದೀರಿ? ಪ್ರಯಾಣ ಕಷ್ಟ ಆಗಲಿಲ್ಲ ತಾನೇ?… ಡ್ರೈವರ್ ಬ್ರೇಕ್ ಹಾಕೋದು ಸರಿ ಇರಲಿಲ್ವಾ? ಹಹ್ಹಾ, ನಿಮಗೆ ಯಾರ ಬ್ರೇಕ್ ಸರಿಬರುತ್ತೆ ಹೇಳಿ. ಕಾಲು?… ಮಡಿಸಿ ಚಾಚಿ ಮಾಡ್ತಿದ್ದೀರಾ? ಮಾಡಿ, ಬಿಡಬೇಡಿ…

ಫಿಲ್ಟರಾ?… ಹಾಂ, ಓಡ್ತಿದೆಯಂತಲ್ಲ. ನೀರು ಚೆನ್ನಾಗಿ ಬೀಳ್ತಿದೆಯಂತೆ…

ಉಂಗುರ ಯಾಕೆ ಅಷ್ಟು ಬೆಳ್ಳಗಿವೆ ಅಂತಾ?…

ಆಗಲೇ ಮುಚ್ಚಳ ತೆಗೆದು ನೋಡಿಬಿಟ್ರಾ ನೀವು? ಬಂದು ಐದು ನಿಮಿಷ ಆಗಿಲ್ಲ!… ಮಾವ, ನಿಮ್ಮ ಅಳಿಯ ಹತ್ರ ಇದ್ದಾನಾ?… ಡ್ರಮ್ಮಿನ ಹತ್ರ ಬಗ್ಗಿದ್ದಾನೆ. ಹಾಗಾದ್ರೆ ಹೇಳ್ತೀನಿ. ನಗಬೇಡಿ. ನೀವು ಬರ್ತೀರಿ ಅಂತ ಕುಕ್ಕರಲ್ಲಿಟ್ಟು ಏಳು ಕೂಗು ಕೂಗಿಸಿದ್ದಾನೆ…

ಏಳು, ಏಳು. ಕೊಳೆ ನೋಡಿ ನಿಮಗೆ ಬೇಸರ ಆದೀತು ಅಂತ…

ನಗ್ತಿದ್ದೀರಾ? ನೀವು ನಗೋ ಹಾಗಿಲ್ಲ. ಬಟ್ಟೆ ಸೋಪಿನ ಕಥೆ ನನಗೂ ಬಂದಿದೆ. ಮಗಳೇ ಹೇಳಿದ್ದು…

ಅಯ್ಯೋ, ಭಾರ ಅಂತ ಯಾರಂದ್ರು ನಿಮಗೆ? ಅವನು ಸಂಕೋಚದ ಮನುಷ್ಯ ಮಾವ. ಬಾಯಲ್ಲಿ ಬರಲ್ಲ. ವಾರ್ಡಿಂದ ನೀವು ಹೋದ ಮೇಲೆ ಡ್ಯೂಟಿ ಮುಗಿಸಿ ಎಲ್ಲಿ ಹೋಗಬೇಕೋ ತಿಳೀತಿರಲಿಲ್ಲ ಅಂದ. ನಿಮ್ಮ ಮೆಟ್ಟಿಲು ಎಷ್ಟು ಅಂತ ಎಣಿಸಿಟ್ಟಿದ್ದಾನೆ… ಐವತ್ನಾಲ್ಕು. ಸರೀನಾ?… ಸರಿ ಇದೆಯಲ್ಲ!…

ಹಾಂ, ಅದೇ, ಈಗ ಫಿಲ್ಟರಲ್ಲಿ ಯಾರೂ ಇಲ್ಲ, ಖಾಲಿ. ಮೊದಲಿಂದ ಶುರು ಆಗಬೇಕು. ಎಷ್ಟು ದಿನ ಅಂದ್ರೆ, ಆರು ವಾರ ಅಂದ್ಕೊಳ್ಳಿ. ಹತ್ತನೇ ದಿನಕ್ಕೆ ಅಮೋನಿಯಾ ತಿನ್ನೋರ ಗಾಡಿ ಸ್ಟೇಷನ್ನಿಗೆ ಬಂದಿದ್ರೆ ಹೆಚ್ಚು. ನೈಟ್ರೈಟ್ ತಿನ್ನೋರ ಗಾಡಿ ಯಾವಾಗಲೂ ಲೇಟು… ಮೀನಿಗೆ ಅಪಾಯ ಇಲ್ಲ, ನಾನು ಲೆಕ್ಕ ಹಾಕಿದ್ದೀನಿ. ನಾನೂರು ಲೀಟರ್ ನೀರು, ಒಂದೇ ಮೀನು. ದಿನಾ ಬೆಳಿಗ್ಗೆ ಮೂರರಲ್ಲೊಂದು ಪಾಲು ನೀರು ತೆಗೆದು ಹೊಸದು ಹಾಕಬೇಕು, ಹನಿ ಹಾಕಿ ಅಮೋನಿಯಾ ಎಷ್ಟಿದೆ ಅಂತ ಬಣ್ಣ ನೋಡಬೇಕು, ಮೀನಿನ ಊಟ ಅರ್ಧಕ್ಕೆ ಇಳಿಸಬೇಕು. ಬಕೆಟ್ ಹೊರೋದು ಅವನು. ಕುರ್ಚೀಲಿ ಕೂತು ಹನಿ ಎಣಿಸೋದು, ಅವನನ್ನ ಬೈಯೋದು ನೀವು. ಗಾರ್ಡ್ ಸಾಹೇಬ್ರ ಮುಖ ನೋಡಿ ಹುಷಾರಿದ್ದಾರಾ ಇಲ್ವಾ ಅಂತ ಹೇಳೋಕೆ ಬೇರೆ ಯಾರಿಗೆ ಬರುತ್ತೆ?…

ಹೌದು, ಆರು ವಾರಾನೂ…

ಹತ್ತೇ ದಿನದ ಬಟ್ಟೆ ತಂದಿದ್ದೀರಾ? ಸರಿ, ಅದಕ್ಕೇನು, ನಿಮ್ಮ ಅಳಿಯನಿಗೆ ಬಟ್ಟೆ ಒಗೆಯೋದಂದ್ರೆ ಹಬ್ಬ…

ಏನು?… ನನ್ನ ತೊಟ್ಟಿನಾ?…

ಇದೆ. ಎಂಟು ವರ್ಷದ್ದು… ಸ್ಪಂಜೂ ಇದೆ, ಎರಡು. ಹೂಂ… ನನಗೆ ಗೊತ್ತಿತ್ತು, ಹನ್ನೊಂದು ವರ್ಷ ಮೀನು ಸಾಕಿದೋರಿಗೆ ಈ ಉಪಾಯ ಹೊಳೀದೆ ಇರಲ್ಲ ಅಂತ. ಸುಳ್ಳು ಹೇಳಲ್ಲ ಮಾವ. ತರಬಹುದು. ಈಗ ಕೈಯಲ್ಲೇ ಹಿಡ್ಕೊಂಡಿದ್ದೀನಿ, ನೀರು ತೊಟ್ಟಿಕ್ತಿದೆ. ತಂದರೆ ಇವತ್ತೇ ಫಿಲ್ಟರ್ ತಯಾರು. ಹತ್ತು ದಿನ ಆದ ಮೇಲೆ ನೀವು ನಿಶ್ಚಿಂತೆಯಿಂದ ಹೊರಡಬಹುದು, ಬೇಕಿದ್ರೆ ಮೀನೂ ಕರ್ಕೊಂಡು…

ತರ್ಲಾ?…

ಏನು?… ನಾನೇ ಹೇಳಬೇಕಾ?…

ನಾನೇನೂ ಹೇಳಲ್ಲ. ಮೀನು ನಿಮ್ಮದು. ತರೋದಾ, ವಾಪಸ್ ಇಡೋದಾ, ನೀವೇ ಹೇಳಿ…

ಹಾಂ?… ಬಸ್ಸಲ್ಲಿ?… ಬಿಸಿಲಿಗೆ ಸ್ಪಂಜು ಕೆಟ್ಟುಹೋಗುತ್ತೆ ಅಂತೀರಾ?…

ಹೌದೌದು. ನಲವತ್ತು ನಿಮಿಷ. ಭಾರೀ ದೂರ… ಇಲ್ಲ ಇಲ್ಲ, ನೀವು ಹೇಳೋದು ಸರಿ. ಸೂಕ್ಷ್ಮ ಜೀವಿಗಳು, ಪ್ರಯಾಣ ತಡೆಯಲ್ಲ. ನಾನು ವಿಜ್ಞಾನ ಓದಿದವಳು, ನನಗೇ ಹೊಳೀಲಿಲ್ಲ ನೋಡಿ…

ಇಟ್ಟೆ. ಪಚಕ್ ಅಂದಿದ್ದು ಕೇಳಿಸ್ತಾ? ಅದೇ. ಮುಚ್ಚಳಾನೂ ಹಾಕ್ದೆ…

ಆಯ್ತು, ಹೇಳಲ್ಲ. ಯಾರಿಗೂ ಹೇಳಲ್ಲ. ಸರಿ. ಕೊಡಿ ಅವನಿಗೆ…

ಹಾಂ, ಹೇಳೋ… ಇಲ್ಲ, ಹೊರಟಿಲ್ಲ. ಹೊರಡಲ್ಲ… ಸ್ಪಂಜು ಬರಲ್ಲಪ್ಪ. ಬಿಸಿಲಿದೆ, ಬಸ್ಸಲ್ಲಿ ಕೆಟ್ಟುಹೋಗುತ್ತೆ…

ಆಗ ಹೇಳಿದ್ದು ಆಗ. ಮೂರು ನಾಲ್ಕು ಗಂಟೆ ಏನೂ ಆಗಲ್ಲ ಅಂತ ನಾನು ಅಂದ್ನಾ? ಇರಬಹುದು. ಈಗ ಗೊತ್ತಿರೋರು ಹೇಳಿದ ಮೇಲೆ ತಿದ್ದಿಕೊಂಡೆ, ವಿಜ್ಞಾನ ಅಂದ್ರೆ ಅದೇ ಅಲ್ವಾ… ಯಾರು ಗೊತ್ತಿರೋರು ಅಂದ್ರೆ? ನಿನ್ನ ಎದುರಿಗೆ ಕೂತಿದ್ದಾರಲ್ಲ…

ನೀನು ದಿನಾ ಬೆಳಿಗ್ಗೆ ಬಕೆಟ್ ಹೊರಬೇಕು. ಆರು ವಾರ. ಅವರು ಹನಿ ಎಣಿಸ್ತಾರೆ. ಹೂಂ, ಆರು… ಹೌದು, ಹತ್ತು ದಿನಕ್ಕಿಂತ ಜಾಸ್ತಿನೇ ಆಗುತ್ತೆ ಆರು ವಾರ ಅಂದ್ರೆ. ನೀನೇ ಲೆಕ್ಕ ಹಾಕು…

ಬೆರಳಲ್ಲಿ ಎಣಿಸ್ತಿದ್ದೀಯಾ?… ನಲವತ್ತೆರಡು ದಿನ, ಹೌದು…

ಈಗ ಗೊತ್ತಾಯ್ತಾ. ಸರಿ, ಇಡ್ತೀನಿ, ಈ ಫೋನಿನ ಬ್ಯಾಟರಿ ಮುಗೀತಿದೆ… ಏನಂದೆ? ಕಡಿದು ಕಡಿದು ಬರ್ತಿದೆ… ಇಲ್ಲ, ನಗ್ತಿಲ್ಲ ನಾನು… ಮಾವ ಯಾಕೆ ಕಣ್ಣೊರೆಸ್ಕೊಂಡು ನಗ್ತಿದ್ದಾರೆ ಅಂತ ನನ್ನ ಕೇಳಿದ್ರೆ? ಕೇಳಿಸ್ತಿಲ್ಲ ಕಣೋ, ಒಂದಕ್ಷರನೂ ಕೇಳಿಸ್ತಿಲ್ಲ… ಅವರನ್ನೇ ಕೇಳು. ಇವತ್ತೇ ಕೇಳಬೇಕು ಅಂತೇನಿಲ್ಲ, ಆರು ವಾರ ಇದ್ದಾರಲ್ಲ, ನಿಧಾನವಾಗಿ ಕೂತು ಕೇ…